ದಿನಕ್ಕೆ ಹತ್ತು ಸೋಲಾರ್ ಪ್ಲೇಟು

ಹೊನ್ನಾವರ ಬಂದರದ ಹಿಂದಿನ ಕೇರಿಯಲ್ಲಿ ಕಮಲಿಯಷ್ಟು ಚೊಕ್ಕವಾಗಿ ಬಲೆ ಹೆಣೆಯುವವರು ಇನ್ನೊಬ್ಬರಿರಲಿಲ್ಲ. ಬಲೆ ಹರಿದರೆ ಗಂಡಸರು ಅದನ್ನು ಹೊತ್ತು ತಂದು ಅವಳ ಜಗಲಿಯ ಮೇಲೆ ಹಾಕುತ್ತಿದ್ದರು. ಹಾಕಿ ಸುಮ್ಮನೆ ಹೋಗುತ್ತಿರಲಿಲ್ಲ, ಒಂದು ಮಾತು ಕೇಳಿಯೇ ಹೋಗುತ್ತಿದ್ದರು: "ಜಟ್ಟನ ಸುದ್ದಿ ಎಂತಾದ್ರೂ ಬಂತಾ?"

ಜಟ್ಟ ಅವಳ ಗಂಡ. 1974ರಲ್ಲಿ ರತ್ನಾಗಿರಿಗೆ ಟ್ರಾಲರ್ ಬೋಟಿನ ಕೆಲಸಕ್ಕೆ ಹೋದವನು ಎರಡು ಮಳೆಗಾಲ ಮನೆಗೆ ಬಂದ. ಮೂರನೆಯ ಮಳೆಗಾಲಕ್ಕೆ ಬರಲಿಲ್ಲ. ಅಲ್ಲಿ ಅವನಿಗೆ ಇನ್ನೊಂದು ಮನೆ ಆಗಿದೆ ಎಂಬುದು ಅದೇ ಬೋಟಿನಲ್ಲಿದ್ದವರ ಬಾಯಿಂದ ಕೇರಿಗೆಲ್ಲ ಗೊತ್ತಾಯಿತು. ಕಮಲಿಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಯಿತು. ಮಕ್ಕಳಿರಲಿಲ್ಲ. ಅತ್ತೆ ಇದ್ದಷ್ಟು ದಿನ ಇಬ್ಬರೂ ಒಲೆಯ ಎದುರು ಕೂತು, ಅವನ ಹೆಸರೆತ್ತದೆ, ಗಂಜಿ ಉಂಡು ಮಲಗುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಅವಳೊಬ್ಬಳೇ. ಹಣೆಯಲ್ಲಿ ಕುಂಕುಮವಿತ್ತು, ಕೈಯಲ್ಲಿ ಬಳೆಗಳಿದ್ದವು, ಆದರೆ ನಾಲ್ಕು ಜನ ಸೇರಿದಲ್ಲಿ ತಾನು ಎಲ್ಲಿ ಕೂರಬೇಕೆಂಬುದು ಅವಳಿಗೆ ತಿಳಿಯುತ್ತಿರಲಿಲ್ಲ. ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋಗುವುದನ್ನೂ ಬಿಟ್ಟಳು. ಬುಟ್ಟಿ ಇಳಿಸಿದಲ್ಲೆಲ್ಲ ಅದೇ ಪ್ರಶ್ನೆ. ಬಲೆ ಏನನ್ನೂ ಕೇಳುತ್ತಿರಲಿಲ್ಲ.

1981ರ ನವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಮಹಾಗಣಪತಿ ಹೆಗಡೆ ಎಂಬವರು ಅವಳ ಜಗಲಿಯ ಎದುರು ಬಂದು ನಿಂತರು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷ ರೇಡಿಯೋ, ಟ್ರಾನ್ಸಿಸ್ಟರುಗಳ ಕೆಲಸ ಮಾಡಿ, ಹೆಂಡತಿ ತೀರಿಕೊಂಡ ಮೇಲೆ ಅದನ್ನು ಬಿಟ್ಟು ಬಂದವರು. ಬಂದರದಲ್ಲಿ ಹಂಚಿನ ವ್ಯಾಪಾರದವರು ಬಿಟ್ಟುಹೋದ ಒಂದು ಹಳೆಯ ಗೋದಾಮನ್ನು ಬಾಡಿಗೆಗೆ ಹಿಡಿದಿದ್ದಾರೆಂದು ಕೇರಿಯಲ್ಲಿ ಸುದ್ದಿಯಿತ್ತು. ಅವರು ಅವಳ ಬೆರಳುಗಳನ್ನೇ ನೋಡಿದರು.

"ಎಂತ ಬೇಕಿತ್ತು ಒಡೆಯಾ?" ಅಂದಳು ಕಮಲಿ.

"ನಿನ್ನ ಕೈ ನಡುಗೂದಿಲ್ಲ. ನಂಗೆ ಇಂಥಾ ಕೈ ಬೇಕಾಗಿತ್ತು. ಕೆಲಸ ಅದೆ, ಬತ್ಯಾ?"

"ಎಂತ ಕೆಲಸ?"

"ಬಿಸಿಲಿಂದ ಕರೆಂಟು ಮಾಡೂ ಪ್ಲೇಟು ಕಟ್ಟೂದು."

ಬಿಸಿಲಿಂದ ಕರೆಂಟು ಎಂದರೇನೆಂದು ಅವಳಿಗೆ ಅರ್ಥವಾಗಲಿಲ್ಲ. ಕೇರಿಗೆ ಕಂಬದ ಕರೆಂಟೇ ಬಂದಿರಲಿಲ್ಲ. ಆದರೆ ಬಂದ ಮನುಷ್ಯ ಜಟ್ಟನ ಸುದ್ದಿ ಕೇಳಲಿಲ್ಲ ಎಂಬುದು ಹಿಡಿಸಿತು. "ಆತು, ಬತ್ತೆ" ಅಂದಳು.

ಗೋದಾಮಿನಲ್ಲಿ ಒಂದು ಉದ್ದ ಮೇಜು, ಎರಡು ಸ್ಟೂಲು. ಬೆಂಗಳೂರಿನಿಂದ ಹತ್ತಿಯಲ್ಲಿ ಸುತ್ತಿಟ್ಟ ಬಿಲ್ಲೆಗಳು ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಅಂಗೈಯಗಲದ ದುಂಡು ಬಿಲ್ಲೆ, ಕಪ್ಪೂ ಅಲ್ಲದ ನೀಲಿಯೂ ಅಲ್ಲದ ಬಣ್ಣ, ಮೇಲೆ ಕೂದಲೆಳೆಯಂಥ ಬೆಳ್ಳಿ ಗೆರೆಗಳು. ಇದಕ್ಕೆ ಸೆಲ್ಲು ಎನ್ನುತ್ತಾರೆ ಎಂದು ಹೆಗಡೆಯವರು ಹೇಳಿದರು. ಒಂದು ಸೆಲ್ಲಿನ ಮುಖಕ್ಕೂ ಮುಂದಿನದರ ಬೆನ್ನಿಗೂ ತೆಳ್ಳನೆಯ ತಾಮ್ರದ ಪಟ್ಟಿಯನ್ನು ಬೆಸುಗೆ ಹಾಕಬೇಕು. ಹಾಗೆ ಮೂವತ್ತಾರು ಸೆಲ್ಲುಗಳನ್ನು ಸಾಲಾಗಿ ಪೋಣಿಸಿ, ಗಾಜಿನ ಕೆಳಗೆ ಅಂಟು ಹೊಯ್ದು ಕೂರಿಸಿ, ಸುತ್ತಲೂ ಅಲ್ಯುಮಿನಿಯಂ ಚೌಕಟ್ಟು ಹಾಕಿದರೆ ಒಂದು ಪ್ಲೇಟು. ಸೆಲ್ಲು ಹಪ್ಪಳಕ್ಕಿಂತ ನಾಜೂಕು. ಮೊದಲ ವಾರ ಕಮಲಿ ಹನ್ನೊಂದು ಒಡೆದಳು. ಹನ್ನೊಂದನೆಯದು ಒಡೆದಾಗ ಸೆರಗಿಗೆ ಕೈ ಒರಸಿಕೊಂಡು ಎದ್ದಳು.

"ಇದು ನನ್ನ ಕೈಗೆ ಬರೂದಲ್ಲ ಹೆಗಡೇರೇ. ನಾ ಹೋತೆ."

"ನಾ ಮೊದಲ ವಾರ ನಲವತ್ತು ಒಡದಿದ್ದೆ. ಕೂತ್ಕೋ," ಅಂದರು ಅವರು, ತಲೆ ಎತ್ತದೆ.

ಅವಳು ಕೂತಳು. ತಿಂಗಳೊಳಗೆ ಅದು ಕೈಗೆ ಬಂತು. ಎಷ್ಟು ಬಿಸಿಗೆ ಬೆಸುಗೆ ಕರಗುತ್ತದೆ, ಎಷ್ಟು ಹೊತ್ತು ಬೆಸುಗೆಯ ಕಾದ ಕಡ್ಡಿ ಇಟ್ಟರೆ ಸೆಲ್ಲು ಬಿರಿಯುತ್ತದೆ ಎಂಬುದು ಬೆರಳ ತುದಿಗೆ ತಿಳಿಯತೊಡಗಿತು. ಅವಳು ಪೂರ್ತಿ ಕಟ್ಟಿದ ಮೊದಲ ಪ್ಲೇಟನ್ನು ಹೆಗಡೆಯವರು ಅಂಗಳದ ಬಿಸಿಲಿಗೆ ಇಟ್ಟು ಒಂದು ಸಣ್ಣ ಬಲ್ಬಿಗೆ ತಂತಿ ಸಿಕ್ಕಿಸಿದರು. ನಡುಮಧ್ಯಾಹ್ನ ಬಲ್ಬು ಹತ್ತಿತು. ಕಮಲಿ ಬಗ್ಗಿ ನೋಡಿದಳು. ಅವಳ ನೆರಳು ಬಿದ್ದದ್ದೇ ಬಲ್ಬು ಮಂಕಾಯಿತು. ಹಿಂದೆ ಸರಿದಳು, ಹತ್ತಿತು. ಮತ್ತೆ ಬಗ್ಗಿದಳು, ಮತ್ತೆ ಮಂಕು. ಅವಳಿಗೆ ನಗು ಬಂತು. ಗಟ್ಟಿಯಾಗಿ ನಕ್ಕು, ಯಾರಿಗಾದರೂ ತೋರಿಸಬೇಕೆಂದು ಸುತ್ತ ನೋಡಿದಳು. ಹೆಗಡೆಯವರು ಬೆನ್ನು ತಿರುಗಿಸಿ ಮೀಟರು ನೋಡಿ ಬರೆದುಕೊಳ್ಳುತ್ತಿದ್ದರು. ಸಂಜೆ ಮನೆಗೆ ಹೋಗುವಾಗಲೂ ಅದನ್ನು ಯಾರಿಗೆ ಹೇಳುವುದೆಂದು ಯೋಚಿಸುತ್ತಲೇ ನಡೆದಳು. ಬಾಗಿಲು ತೆಗೆದಾಗ ಯೋಚನೆ ಮುಗಿಯಿತು.

ಎರಡು ವರ್ಷ ಹೀಗೇ ನಡೆಯಿತು. ಅವಳು ಮೇಜಿನ ಈ ತುದಿ, ಅವರು ಆ ತುದಿ. ಎರಡು ದಿನಕ್ಕೊಂದು ಪ್ಲೇಟು. ಮಧ್ಯಾಹ್ನ ಅವರು ತಮ್ಮ ಬುತ್ತಿಯನ್ನು ಒಳಗೆ ಉಣ್ಣುತ್ತಿದ್ದರು, ಅವಳು ಹಿಂದಿನ ಮೆಟ್ಟಿಲ ಮೇಲೆ ಹೊಳೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಮಾತು ಬಹಳ ಇರಲಿಲ್ಲ. ಆದರೂ ಕೆಲಸ ಅವಳಿಗೆ ಜೊತೆಯಾಗಿತ್ತು. ತಾನು ಕಟ್ಟಿದ ಒಂದೊಂದು ಪ್ಲೇಟೂ ಅವಳಿಗೆ ಗುರುತಿತ್ತು. ಈ ಮೂಲೆಯಲ್ಲಿ ಬೆಸುಗೆ ಒಂದು ಕಾಳು ಹೆಚ್ಚು ಬಿದ್ದದ್ದು, ಈ ಸಾಲನ್ನು ಮಳೆ ಹೊಯ್ಯುವಾಗ ಹಾಕಿದ್ದು ಎಂದು ಹೇಳಬಲ್ಲಳಾಗಿದ್ದಳು.

ಕಟ್ಟಿದ್ದು ಬೆಂಗಳೂರಿನ ಒಂದೆರಡು ಕಚೇರಿಗಳಿಗೆ ಹೋಗುತ್ತಿತ್ತು, ಊರಿನಲ್ಲಿ ಮಾತ್ರ ಮಾರಾಟ ಆಗುತ್ತಿರಲಿಲ್ಲ. ಒಂದು ದಿನ ದಾಸ ಎಂಬ ದೋಣಿಯವನು ತನ್ನ ದೋಣಿಗೊಂದು ದೀಪ ಆಗಬಹುದೇ ಎಂದು ಕೇಳಿಕೊಂಡು ಬಂದ. ಪ್ಲೇಟಿನ ಬೆಲೆ ಕೇಳಿ ಬಾಯಿಗೆ ಕೈ ಹಚ್ಚಿದ.

"ಅಷ್ಟು ದುಡ್ಡಿದ್ರೆ ಇನ್ನೊಂದು ಸಣ್ಣ ದೋಣಿಯೇ ತಕಂತೆ ನಾನು," ಎಂದು ನಗುತ್ತ ಹೋದ.

ಆ ದಿನ ಹೆಗಡೆಯವರು ಉಣ್ಣಲಿಲ್ಲ. ಸಂಜೆ ಬಾಗಿಲು ಹಾಕುವಾಗ, ಅವಳು ಕೇಳದೆ ಇದ್ದರೂ, ಬಿಡಿಸಿ ಹೇಳಿದರು.

"ನೋಡು, ಸೆಲ್ಲು ನೂರು ತಂದ್ರೆ ಒಂದು ರೇಟು, ಹತ್ತು ಸಾವಿರ ತಂದ್ರೆ ಇನ್ನೊಂದು. ಗಾಜೂ ಹಾಗೇ. ಒಂದೆರಡೇ ತಂದ್ರೆ ಹುಬ್ಬಳ್ಳಿಯವರು ಒಂದೊಂದಕ್ಕೂ ಬೇರೆ ಕೊಯ್ಯೂ ಕೂಲಿ ಹಿಡೀತ್ರು. ಮತ್ತೆ ನಮ್ಮಿಬ್ಬರ ಎರಡು ದಿನ ಒಂದೇ ಪ್ಲೇಟಿನ ಮೇಲೆ ಬೀಳ್ತದೆ. ದಿನಕ್ಕೆ ಹತ್ತು ಮಾಡಿದ್ರೆ ದಾಸನಂಥೋರೂ ತಕಳ್ಳೂ ಹಾಂಗೆ ಮಾಡಬಹುದು. ಆದ್ರೆ ರಾಶಿ ಮಾಡಬೇಕಾದ್ರೆ ತಕಳ್ಳೋರು ಬೇಕು. ಅವರು ಬರಬೇಕಾದ್ರೆ ಮೊದಲು ಅಗ್ಗ ಆಗಬೇಕು. ಎಲ್ಲಿಂದ ಶುರು ಮಾಡೂದು?"

ಯಾರಾದರೂ ತನ್ನೊಡನೆ ಇಷ್ಟುದ್ದ ಮಾತಾಡಿ ಎಷ್ಟು ವರ್ಷವಾಯಿತು ಎಂದಷ್ಟೇ ಕಮಲಿಗೆ ಅನಿಸಿತು.

ಶುರು ಹೇಗೋ ಆಯಿತು. 1984ರ ಜನವರಿಯಲ್ಲಿ ಸರಕಾರದ ಕಡೆಯಿಂದ ಒಂದು ಆರ್ಡರು ಬಂತು: ಕಂಬ ಮುಟ್ಟದ ಕೇರಿಗಳಿಗೆ, ಶಾಲೆಗಳಿಗೆ ಐನೂರು ಪ್ಲೇಟು. ಬೆಲೆ ಮೂರರಲ್ಲೊಂದು ಪಾಲು ಇಳಿಸಬೇಕು, ಮಳೆಗಾಲಕ್ಕೆ ಮೊದಲು ಕೊಟ್ಟು ಮುಗಿಸಬೇಕು. ಹೆಗಡೆಯವರು ತಮ್ಮ ಪಾಲಿನ ಗದ್ದೆ ಮಾರಿ ಸೆಲ್ಲು ತರಿಸಿದರು. ಆರು ಹುಡುಗಿಯರನ್ನು ಕೆಲಸಕ್ಕೆ ಹಚ್ಚಿದರು. ಅವರಲ್ಲಿ ಪರಮೇಶ್ವರಿ ಎಂಬ ಹತ್ತೊಂಬತ್ತರ ಹುಡುಗಿ ಬಾಯಿಯೂ ಚುರುಕು, ಕೈಯೂ ಚುರುಕು. ಉಳಿದವರ ಕೈ ಅಷ್ಟಕ್ಕಷ್ಟೆ. ಒಬ್ಬಳ ಸಾಲು ಎಡಕ್ಕೆ ವಾಲಿದರೆ ಇನ್ನೊಬ್ಬಳದು ಬಲಕ್ಕೆ. ಸಾಲು ಸೊಟ್ಟವಾದರೆ ಗಾಜಿನೊಳಗೆ ಕೂರುವುದಿಲ್ಲ. ಒತ್ತಿದರೆ ಸೆಲ್ಲು ಬಿರಿಯುತ್ತದೆ. ತಿಂಗಳು ಕಳೆದಾಗ ಸರಿಯಾದ ಪ್ಲೇಟು ಹತ್ತೊಂಬತ್ತು, ಒಡೆದ ಸೆಲ್ಲು ಎರಡು ಗೋಣಿಚೀಲ.

ಹುಡುಗಿಯರು ಮನೆಗೆ ಹೋದ ಮೇಲೆ ಹೆಗಡೆಯವರು ಆ ಚೀಲಗಳ ಎದುರು ಕೂತರು. "ಆಗೂದಿಲ್ಲ ಕಮಲಿ. ಆರು ಮಂದಿ ಕಮಲಿಯರನ್ನ ನಾ ಎಲ್ಲಿಂದ ತರಲಿ?"

ಅವಳು ಮನೆಗೆ ಹೋಗಿ, ಗಂಜಿಗೆ ನೀರಿಟ್ಟು, ಅರ್ಧಕ್ಕೆ ಬಿಟ್ಟಿದ್ದ ಬಲೆಯನ್ನು ಎಳೆದುಕೊಂಡಳು. ಎಡಗೈಯಲ್ಲಿ ಎರಡು ಬೆರಳಗಲದ ಬಿದಿರ ಪಟ್ಟಿ. ಅದರ ಸುತ್ತ ದಾರ ಹಾಕಿ ಗಂಟು ಬಿಗಿದರೆ ಬಲೆಯ ಕಣ್ಣು ತಾನಾಗಿ ಅದೇ ಅಳತೆಗೆ ಬರುತ್ತದೆ. ಒಂದು ದೊಡ್ಡ ಬಲೆಯನ್ನು ಹತ್ತು ಮಂದಿ ಕೂತು ಹೆಣೆದರೂ ನೋಡಿದವರಿಗೆ ಒಬ್ಬರೇ ಹೆಣೆದಂತೆ ಕಾಣುವುದು ಆ ಪಟ್ಟಿಯಿಂದ. ಹತ್ತು ಮಂದಿಯ ಕೈ ಒಂದೇ ಆಗಬೇಕಾಗಿಲ್ಲ. ಅವಳು ಗಂಟು ಹಾಕುವುದನ್ನು ನಿಲ್ಲಿಸಿ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಮರುದಿನ ಬೆಳಿಗ್ಗೆ ಅವಳು ಗೋದಾಮಿನ ಶೆಡ್ಡಿಗೆ ಹೋಗಲಿಲ್ಲ. ಪೇಟೆಯಲ್ಲಿ ವೆಂಕಟ ಆಚಾರಿಯ ಅಂಗಡಿಗೆ ಹೋಗಿ, ಸೆರಗಿನಲ್ಲಿ ಸುತ್ತಿ ತಂದಿದ್ದ ಒಂದು ಸೆಲ್ಲನ್ನು ಅವನ ಮುಂದಿಟ್ಟಳು.

"ಹಲಸಿನ ಹಲಗೆ ಒಂದು ಬೇಕು. ಅದರಲ್ಲಿ ಈ ನಮನಿದು ಮೂವತ್ತಾರು ಗುಳಿ. ಇದು ಕೂತ್ರೆ ಅಲುಗೂಕಾಗ, ತೆಗೆದ್ರೆ ಸಿಕ್ಕೂಕಾಗ. ಗುಳಿಯಿಂದ ಗುಳಿಗೆ ತಾಮ್ರದ ಪಟ್ಟಿ ಮಲಗೂಕೆ ಒಂದು ಗೀರು."

"ಎಂತಕ್ಕೆ ಮಾರಾಯ್ತಿ, ಇಡ್ಲಿ ಹೊಯ್ಯೂಕಾ?" ಎಂದ ವೆಂಕಟ. ನಕ್ಕರೂ ಎರಡು ದಿನ ಕೂತು ಕೊರೆದುಕೊಟ್ಟ.

ಹಲಗೆಯನ್ನು ತಲೆಯ ಮೇಲೆ ಹೊತ್ತು ತಂದು ಮೇಜಿನ ಮೇಲಿಟ್ಟಾಗ ಹೆಗಡೆಯವರಿಗೆ ಮೊದಲು ತಿಳಿಯಲಿಲ್ಲ. ಅವಳು ಪರಮೇಶ್ವರಿಯನ್ನು ಕರೆದು ಗುಳಿಗಳಲ್ಲಿ ಸೆಲ್ಲು ಕೂರಿಸಲು ಹೇಳಿದಳು. ಇನ್ನೊಬ್ಬಳಿಗೆ ಪಟ್ಟಿ ಕತ್ತರಿಸುವುದೊಂದೇ ಕೆಲಸ. ಮತ್ತೊಬ್ಬಳಿಗೆ ಬೆಸುಗೆ ಮುಟ್ಟಿಸುವುದೊಂದೇ. ಯಾರೂ ಸಾಲು ನೇರವಿದೆಯೇ ಎಂದು ನೋಡಬೇಕಾಗಿಲ್ಲ, ಅದನ್ನು ಹಲಗೆ ನೋಡಿಕೊಳ್ಳುತ್ತದೆ. ಮಧ್ಯಾಹ್ನದೊಳಗೆ ಮೂರು ಪ್ಲೇಟಿಗಾಗುವಷ್ಟು ಸಾಲುಗಳು ಎದ್ದವು, ಒಡೆದದ್ದು ಎರಡೇ ಸೆಲ್ಲು. ಹೆಗಡೆಯವರು ಬಗ್ಗಿ ಹಲಗೆಯ ಗುಳಿಗಳ ಮೇಲೆ ಬೆರಳಾಡಿಸಿದರು.

"ಹದಿನಾಲ್ಕು ವರ್ಷ ಕಾರ್ಖಾನೆಯಲ್ಲಿದ್ದೆ. ನನ್ನ ತಲೆಗೆ ಬರಲಿಲ್ಲ ನೋಡು," ಅಂದರು.

ಇನ್ನೂ ಐದು ಹಲಗೆ ಮಾಡಿಸಿದರು. ಮಾರ್ಚ್ ಕೊನೆಗೆ ದಿನಕ್ಕೆ ಹತ್ತು ಪ್ಲೇಟು ಆಗತೊಡಗಿತು. ಐನೂರನೆಯದು ಮೇ ಕೊನೆಯ ವಾರ ಲಾರಿ ಹತ್ತಿತು. ಆಮೇಲೆ ಕಾರವಾರದಿಂದ, ಗೋವಾದಿಂದಲೂ ಕೇಳಿ ಬಂದರು. ಸೆಲ್ಲನ್ನು ಸಾವಿರಗಟ್ಟಲೆ ತರಿಸಿದ್ದರಿಂದ ಅದರ ದರವೂ ಇಳಿಯಿತು. ಎರಡು ವರ್ಷ ಕಳೆದ ಮೇಲೆ ದಾಸ ಮತ್ತೆ ಬಂದು, ಈಗಿನ ಬೆಲೆ ಕೇಳಿ, ಒಂದು ಪ್ಲೇಟನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದ. ಹೆಗಡೆಯವರು ಬಾಗಿಲಲ್ಲಿ ನಿಂತು ಅವನು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದರು.

ಕಮಲಿಗೂ ಸಂತೋಷವೇ ಆಗಿತ್ತು. ಆದರೆ ಅವಳ ಸ್ಟೂಲು ಹೋಗಿತ್ತು. ಈಗ ಹದಿನಾಲ್ಕು ಹುಡುಗಿಯರು. ಅವಳಿಗೆ ಬೆಸುಗೆಯ ಕೆಲಸವಿಲ್ಲ, ಎಲ್ಲರ ಕೆಲಸ ನೋಡುತ್ತ ಓಡಾಡುವುದು. ಹುಡುಗಿಯರು ಕೆಲಸ ಮಾಡುತ್ತಲೇ ಹಾಡುತ್ತಿದ್ದರು, ಮದುವೆಯ ಮಾತು, ಸೀರೆಯ ಮಾತು, ಕುಮಟೆಯ ಟಾಕೀಸಿಗೆ ಬಂದ ಸಿನಿಮಾದ ಮಾತು. ಅವಳು ಹತ್ತಿರ ಬಂದರೆ ತಗ್ಗಿಸುತ್ತಿದ್ದರು. ಹೆದರಿಕೆಯಿಂದಲ್ಲ, ಮರ್ಯಾದೆಯಿಂದ. ಅವಳು ದಾಟಿ ಹೋದ ಮೇಲೆ ಮಾತು ಮತ್ತೆ ಏಳುತ್ತಿತ್ತು. ಗೋಡೆಗೆ ಒರಗಿಸಿಟ್ಟ ಪ್ಲೇಟುಗಳು ಒಂದರಂತೆ ಒಂದು. ಯಾವುದನ್ನು ಯಾರು ಕಟ್ಟಿದ್ದೆಂದು ಅವಳಿಗೂ ಹೇಳಲಾಗುತ್ತಿರಲಿಲ್ಲ. ಹಾಗೆ ಆಗಬೇಕೆಂದೇ ಅಲ್ಲವೇ ಹಲಗೆ ಮಾಡಿಸಿದ್ದು ಎಂದುಕೊಳ್ಳುತ್ತಿದ್ದಳು. ಜನ ಇಲ್ಲದಾಗ ಆಗದಿದ್ದ ಬೇಸರ ಇಷ್ಟು ಜನರ ನಡುವೆ ಆಗುತ್ತಿತ್ತು.

1987ರಲ್ಲಿ ಪರಮೇಶ್ವರಿಯ ಮದುವೆ ಗೊತ್ತಾಯಿತು. ಹುಡುಗಿ ಎರಡೂ ಕೈ ಹಿಡಿದುಕೊಂಡು ಕರೆದಳು: "ಕಮಲಕ್ಕಾ, ನೀ ಬರ್ದಿದ್ರೆ ನಾ ಮಾತೇ ಆಡೂದಿಲ್ಲ." ಎರಡು ದಿನ ಬಿಟ್ಟು ಅವಳ ತಾಯಿ ತಿಮ್ಮಕ್ಕ ಕಮಲಿಯ ಮನೆಗೆ ಬಂದಳು. ಕೂತಳು, ನೀರು ಕುಡಿದಳು, ಮೀನಿನ ಮಾತಾಡಿದಳು, ಏಳುವಾಗ ಹೇಳಿದಳು.

"ಊಟಕ್ಕೆ ಬಾ ತಂಗಿ, ತಪ್ಪಿಸೂಕಾಗ. ಆದ್ರೆ ಅರಿಶಿನ ಹಚ್ಚೂ ಹೊತ್ತಿಗೆ, ಆರತಿ ಹೊತ್ತಿಗೆ… ನೀ ಬೇಜಾರು ಮಾಡ್ಕಣ್ಬೇಡ. ನಂಗೆ ಹಾಂಗೆಲ್ಲ ಇಲ್ಲ. ಗಂಡಿನ ಕಡೆಯೋರು ಎಂತಾದ್ರೂ ಹೇಳ್ತ್ರು."

"ಆತು ಅಕ್ಕಾ," ಅಂದಳು ಕಮಲಿ.

ಮದುವೆಯ ದಿನ ಶೆಡ್ಡಿಗೆ ರಜೆ. ಕಮಲಿ ಬೀಗ ತೆಗೆದು ಒಳಗೆ ಹೋಗಿ, ಹಲಗೆಗಳನ್ನೆಲ್ಲ ಬದಿಗೆ ಸರಿಸಿ, ಬರಿಯ ಮೇಜಿನ ಮೇಲೆ ಸೆಲ್ಲುಗಳನ್ನು ಹರಡಿಕೊಂಡಳು. ಕಣ್ಣಳತೆಯಲ್ಲಿ ಒಂದೊಂದಾಗಿ ಪೋಣಿಸುತ್ತ ಹೋದಳು. ದೂರದಲ್ಲಿ ಮದುವೆಯ ವಾಲಗ ಕೇಳುತ್ತಿತ್ತು. ಅದು ನಿಂತಾಗ ಊಟಕ್ಕೆ ಎಲೆ ಹಾಕಿದರು ಎಂದುಕೊಂಡಳು. ಎದ್ದು ಹೋಗಲಿಲ್ಲ. ಮರುದಿನವೂ ಬಂದು ಅದನ್ನು ಮುಗಿಸಿದಳು. ಆ ಪ್ಲೇಟು ಉಳಿದವುಗಳ ಜೊತೆ ಲಾರಿ ಹತ್ತಿ ಹೋಯಿತು. ಎಲ್ಲಿಗೆ ಹೋಯಿತೋ ಅವಳು ಕೇಳಲಿಲ್ಲ.

ಮುಂದಿನ ವರ್ಷ ಹೆಗಡೆಯವರು ಸೆಲ್ಲು ತರಲು ಬೆಂಗಳೂರಿಗೆ ಹೋದವರು ಬರಿಗೈಯಲ್ಲಿ ಬಂದರು. ಹುಡುಗಿಯರು ಹೋದ ಮೇಲೆ ಕಮಲಿಯನ್ನು ಕೂರಲು ಹೇಳಿದರು.

"ಅಲ್ಲೊಂದು ದೊಡ್ಡ ಕಾರ್ಖಾನೆ ಆಗ್ತಾ ಅದೆ. ನೋಡ್ಕಂಡು ಬಂದೆ. ಬೆಸುಗೆಯನ್ನ ಮಿಶನ್ನೇ ಹಾಕ್ತದೆ. ದಿನಕ್ಕೆ ಹತ್ತಲ್ಲ, ಇನ್ನೂರು. ಅವರ ಪ್ಲೇಟಿನ ಬೆಲೆ ನಮ್ಮದರ ಅರ್ಧಕ್ಕೂ ಸ್ವಲ್ಪ ಹೆಚ್ಚು, ಅಷ್ಟೆ."

"ಮತ್ತೆ ನಮ್ಮ ಪ್ಲೇಟು?"

"ಯಾರು ತಕಳ್ತ್ರು? ನಾನಾದ್ರೂ ಅವರದೇ ತಕಳ್ತೆ." ಅವರು ನಗಲು ನೋಡಿದರು. "ನಾವು ಹೇಳಿದ್ದೇ ಖರೆ ಆತು ಕಮಲಿ. ರಾಶಿ ಮಾಡಿದ್ರೆ ಅಗ್ಗ ಆಗ್ತದೆ. ಇನ್ನು ದಾಸನಂಥೋರು ಹತ್ತು ಮಂದಿ ತಕಳ್ತ್ರು. ಮಾಡೂದು ನಾವಲ್ಲ, ಅಷ್ಟೆ."

1989ರ ಶಿವರಾತ್ರಿಯ ಹೊತ್ತಿಗೆ ಶೆಡ್ಡು ಮುಚ್ಚಿತು. ಹುಡುಗಿಯರಲ್ಲಿ ಕೆಲವರಿಗೆ ಮದುವೆಯಾಗಿತ್ತು, ಕೆಲವರು ಗೋಡಂಬಿ ಕಾರ್ಖಾನೆಗೆ ಸೇರಿದರು. ಆ ದೊಡ್ಡ ಕಾರ್ಖಾನೆಯವರು ಹೆಗಡೆಯವರನ್ನು ಕರೆದಿದ್ದರು. ಕೆಲಸ ಗೊತ್ತಿದ್ದ ಹೆಂಗಸೊಬ್ಬಳು ಇದ್ದರೆ ಅವಳೂ ಬರಲಿ ಎಂದಿದ್ದರು.

"ಬಾ ಕಮಲಿ. ಹೊಸಬರಿಗೆ ಕಲಿಸೂಕೆ ನಿನ್ನಂಥೋಳು ಬೇಕು."

"ಅಲ್ಲಿ ನಾ ಯಾರ ಹತ್ರ ಮಾತಾಡೂದು ಹೆಗಡೇರೇ?"

"ಇಲ್ಲಿ ಯಾರ ಹತ್ರ ಮಾತಾಡ್ತೆ ನೀನು?" ಅಂದರು ಅವರು. ಅಂದ ಮೇಲೆ ಅವರಿಗೇ ಕೆಡುಕೆನಿಸಿತು.

ಕಮಲಿ ಹೇಳಿದಳು, "ಇಲ್ಲಾದ್ರೆ ಮಾತಾಡದಿದ್ರೂ ನಡೀತದೆ."

ಹೊರಡುವ ಮುಂಚಿನ ದಿನ ಅವರು ಉಳಿದ ಮಾಲಿನಿಂದ ಒಂದು ಪ್ಲೇಟು, ಒಂದು ಬ್ಯಾಟರಿ, ಒಂದು ಸಣ್ಣ ಟ್ಯೂಬು ತಂದು, ತಾವೇ ಏಣಿ ಹತ್ತಿ ಅವಳ ಮಾಡಿನ ಮೇಲೆ ಕೂರಿಸಿದರು. ಬೆಸುಗೆಯ ಸಾಮಾನಿನ ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟರು. "ಬೋಟಿನ ಮೇಲಿನ ಪ್ಲೇಟು ಉಪ್ಪುಗಾಳಿಗೆ ಹಾಳಾಗ್ತದೆ. ಕೇಳ್ಕಂಡು ಬಂದೋರಿಗೆ ನಿನ್ನ ಹೆಸರು ಹೇಳಿದ್ದೆ," ಎಂದು ಹೇಳಿ, ಚಪ್ಪಲಿ ಮೆಟ್ಟಿ ಹೊರಟುಹೋದರು.

ಸಂಜೆ ಅವಳು ಟ್ಯೂಬು ಹಾಕಿದಳು. ಇಷ್ಟು ವರ್ಷ ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಅವಳು ಕೂತ ಮೂಲೆ, ಒಲೆ, ಗಂಜಿಯ ಪಾತ್ರೆ ಇಷ್ಟೇ ಕಾಣುತ್ತಿದ್ದವು. ಈಗ ನಾಲ್ಕೂ ಗೋಡೆ ಕಂಡವು. ಮನೆ ಇಷ್ಟು ದೊಡ್ಡದೆಂದು ಅವಳಿಗೆ ನೆನಪೇ ಇರಲಿಲ್ಲ. ಬಾಗಿಲ ಹಿಂದಿನ ಗೂಟದಲ್ಲಿ ಜಟ್ಟನ ಅಂಗಿ ತೂಗುತ್ತಿತ್ತು, ಮಸಿ ಹಿಡಿದು ಬಣ್ಣ ತಿಳಿಯದಂತಾಗಿತ್ತು. ಅದು ಅಲ್ಲಿದ್ದುದು ಅವಳಿಗೆ ಗೊತ್ತಿತ್ತು, ನೋಡಿ ಮಾತ್ರ ಬಹಳ ವರ್ಷವಾಗಿತ್ತು. ಎದ್ದು ತೆಗೆದಳು. ಕೊರಳ ಹತ್ತಿರ ಬಟ್ಟೆ ಜೀರ್ಣವಾಗಿ ಕೈಯಲ್ಲೇ ಹರಿಯಿತು. ಅದನ್ನು ಹಿಡಿದುಕೊಂಡು ನೆಲದ ಮೇಲೆ ಕೂತು ಅತ್ತಳು. ಅತ್ತು ಮುಗಿದ ಮೇಲೆ ಅಂಗಿಯನ್ನು ಮಡಚಿ ಅತ್ತೆಯ ಹಳೆಯ ಪೆಟ್ಟಿಗೆಯ ತಳದಲ್ಲಿಟ್ಟು, ಕಸಬರಿಗೆ ತಂದು ಗೋಡೆಗಳ ಬಲೆಮಸಿಯನ್ನು ಹೊಡೆದಳು.

ಮಳೆಗಾಲ ಕಳೆದ ಮೇಲೆ ಕರೆ ಬರತೊಡಗಿತು. ಒಮ್ಮೆ ಮುರುಡೇಶ್ವರದಿಂದ, ಒಮ್ಮೆ ಮಿರ್ಜಾನದ ಶಾಲೆಯಿಂದ. ಹೆಚ್ಚಿನವು ಆ ದೊಡ್ಡ ಕಾರ್ಖಾನೆಯ ಪ್ಲೇಟುಗಳೇ. ಅವಳು ಬೆಸುಗೆಯ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದಳು. ಕಿಟಕಿಯ ಪಕ್ಕ ಕೂತು, ಇಳಿದು, ಕೆಲಸ ಮುಗಿಸಿ, ಸಂಜೆಯ ಬಸ್ಸಿಗೆ ಹಿಂದೆ ಬರುತ್ತಿದ್ದಳು.

ಡಿಸೆಂಬರಿನಲ್ಲಿ ಭಟ್ಕಳದ ಹತ್ತಿರದ ತೆಂಗಿನಗುಂಡಿಯಿಂದ ಒಬ್ಬ ಬೋಟಿನವನು ಹೇಳಿ ಕಳಿಸಿದ್ದ. ಬಸ್ಸು ಇಳಿದು ದಡದ ಕಡೆ ನಡೆಯುವಾಗ ಮೀನು ಒಣಗಿಸುತ್ತಿದ್ದ ಮುದುಕಿಯೊಬ್ಬಳು ಅವಳನ್ನು ನಿಲ್ಲಿಸಿದಳು. ಕರಾವಳಿಯಲ್ಲಿ ಹೊಸ ಮುಖ ಕಂಡರೆ ಕೇಳುವ ಮಾತನ್ನೇ ಕೇಳಿದಳು.

"ಯಾರ ಪೈಕಿ ಮಗಾ ನೀನು?"

ಕಮಲಿ ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿದಳು.

"ಪ್ಲೇಟು ರಿಪೇರಿಗೆ ಬಂದೋಳು ಅಬ್ಬೆ. ಹೊನ್ನಾವರದ ಕಮಲಿ."

"ಒಬ್ಳೇ ಬಂದ್ಯಾ ಅಷ್ಟು ದೂರದಿಂದ?"

"ಹೌದು, ಒಬ್ಳೇ."

ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಇನ್ನೇನೂ ಕೇಳದೆ, ಬೋಟು ಕಟ್ಟಿದ ಕಡೆಗೆ ಕೈ ತೋರಿಸಿದಳು. ಕಮಲಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ನೀರಿಗಿಳಿದಳು. ಬೋಟಿನವನು ಕೈ ಕೊಟ್ಟು ಅವಳನ್ನು ಮೇಲಕ್ಕೆ ಎಳೆದುಕೊಂಡ. ಪ್ಲೇಟಿನ ಹಿಂಬದಿಯ ಡಬ್ಬಿಯೊಳಗೆ ತಂತಿ ಹಸಿರು ಕಿಲುಬು ಹಿಡಿದಿತ್ತು. ಅವಳು ಅದರ ಎದುರು ಕೂತು, ಚೀಲ ಬಿಚ್ಚಿ, ಕಿಲುಬನ್ನು ಕೆರೆಯತೊಡಗಿದಳು.